ಟೀ ಹೊತ್ತಿನ ಬಟಾಣಿ ಮತ್ತು ಮಾಸ್ಟರಕ್ಕನ ಮೇಜು

ಬೆನ್ನಿಗೆ ಆಸರೆಯಿರುವ ಕುರ್ಚಿ ಕೊಡದವನು ಬೆನ್ನುನೋವಿಗೆ ಮಾತ್ರೆ ಕೊಟ್ಟರೆ ಅವನನ್ನು ಏನೆಂದು ಕರೆಯಬೇಕು? ಆ ಯೂನಿಫಾರಂ ಕಾರ್ಖಾನೆಯಲ್ಲಿ ಅವನನ್ನು ಧರ್ಮಾತ್ಮ ಎಂದು ಕರೆಯುತ್ತಿದ್ದರು. ವ್ಯಂಗ್ಯಕ್ಕಲ್ಲ, ಮನಸಾರೆ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಪೇಂಟು ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದೇ ಒಂದು ಉದ್ದನೆಯ ಕೋಣೆ. ಎರಡು ಸಾಲು ಹೊಲಿಗೆ ಮಿಷನ್ನುಗಳು, ಅವುಗಳ ಮುಂದೆ ಬೆನ್ನಿಲ್ಲದ ಸ್ಟೂಲುಗಳು, ಕಿಟಕಿಯ ಬಳಿ ಇಸ್ತ್ರಿ ಮೇಜು, ಬಾಗಿಲ ಪಕ್ಕದಲ್ಲಿ ಬಟ್ಟೆ ಮಡಚಿ ಪ್ಯಾಕ್ ಮಾಡುವ ಜಾಗ. ನಡುಮಧ್ಯದಲ್ಲಿ, ಇಡೀ ಕೋಣೆಯೇ ತನ್ನದು ಎನ್ನುವಂತೆ ಕಾಲು ಚಾಚಿಕೊಂಡ ಕಟಿಂಗ್ ಮೇಜು. ಶಾಲೆ ಮಕ್ಕಳ ಅಂಗಿ, ನರ್ಸುಗಳ ಕೋಟು, ಕಾವಲುಗಾರರ ಪ್ಯಾಂಟು ಎಲ್ಲ ಮೊದಲು ಹುಟ್ಟುವುದು ಈ ಮೇಜಿನ ಮೇಲೆ. ಇಲ್ಲಿ ಒಂದು ಬೆರಳಗಲ ತಪ್ಪಿದರೆ ಆ ಕಡೆ ನೂರು ಅಂಗಿಗಳ ತೋಳು ತಪ್ಪುತ್ತದೆ. ಆದ್ದರಿಂದ ಆ ಮೇಜಿನ ಮುಂದೆ ನಿಲ್ಲುವವರಿಗೆ ಮಾಸ್ಟರ್ ಎನ್ನುತ್ತಾರೆ. ಇಲ್ಲಿ ನಿಲ್ಲುವುದು ಒಬ್ಬ ಹೆಂಗಸು. ಹಾಗಾಗಿ ಮಾಸ್ಟರಕ್ಕ. ತಾಯಿ ಇಟ್ಟ ಹೆಸರು ಸಂಬಳದ ದಿನ ಸಹಿ ಮಾಡುವಾಗ ಮಾತ್ರ ನೆನಪಾಗುತ್ತದೆ ಎಂದು ಅವಳೇ ನಗುತ್ತಾಳೆ.

ಬಟ್ಟೆಯ ಥಾನನ್ನು, ಅಂದರೆ ಇಡೀ ಸುರುಳಿಯನ್ನು, ಬಿಚ್ಚಿ, ಪದರದ ಮೇಲೆ ಪದರ ಹಾಸಿ, ಅಂಗೈಯಿಂದ ಸವರಿ ಸುಕ್ಕು ತೆಗೆದು, ಮೇಲೆ ಕಾಗದದ ಅಚ್ಚು ಇಟ್ಟು ಸೀಮೆಸುಣ್ಣದ ಗೆರೆ ಎಳೆಯುತ್ತಾಳೆ. ಆಮೇಲೆ ನಿಂತ ಅಲಗಿನ ಕರೆಂಟಿನ ಮಿಷನ್ನು ಆ ಗೆರೆಯ ಮೇಲೆ ನಡೆಯುತ್ತದೆ. ಬಲಗೈ ಮಿಷನ್ನನ್ನು ನೂಕಬೇಕು, ಎಡಗೈ ಅಲಗಿನ ಮುಂದೆ ಮುಂದೆ ಬಟ್ಟೆಯನ್ನು ಒತ್ತುತ್ತಾ ಸರಿಯಬೇಕು. ಆ ಎಡಗೈಗೆಂದೇ ಉಕ್ಕಿನ ಬಲೆಯ ಕೈಗವಸು ಬರುತ್ತದೆ. ಇಂಥ ಬಹಳಷ್ಟು ಕಾರ್ಖಾನೆಗಳಲ್ಲಿ ಅದು ಮೊಳೆಗೆ ನೇತು ಬಿದ್ದಿರುತ್ತದೆ, ತಪಾಸಣೆಗೆ ಬರುವವರು ನೋಡಿ ಸಂತೋಷಪಡಲಿ ಎಂದು. ಹಾಕಿಕೊಂಡರೆ ಕೈ ನಿಧಾನ, ಕೈ ನಿಧಾನವಾದರೆ ಯಜಮಾನರ ಮುಖ ಗಡಿಗೆ.

ಇನ್ನು ಟೀ. ಮಧ್ಯಾಹ್ನದ ಟೀ ಬಂದ ಕೂಡಲೇ ಮಿಷನ್ನುಗಳು ಒಂದೊಂದೇ ಸುಮ್ಮನಾಗುತ್ತವೆ. ಕಾಜಾ ಚಿಕ್ಕಮ್ಮ, ಅಂದರೆ ಗುಂಡಿ ತೂತಿಗೆ ಕಾಜಾ ಹಾಕುವ ಹಿರಿಯ ಹೆಂಗಸು, ಒಂದು ಕೈಯಲ್ಲಿ ಕೆಟಲು, ಇನ್ನೊಂದು ಕೈಯಲ್ಲಿ ದುಂಡನೆಯ ತಗಡಿನ ಡಬ್ಬಿ ಹಿಡಿದು ಸಾಲು ಸುತ್ತುತ್ತಾಳೆ. ಡಬ್ಬಿಯೊಳಗೆ ನೋವಿನ ಮಾತ್ರೆ. ತಂದು ತುಂಬಿಸುವವರು ಯಜಮಾನರು, ಸ್ವಂತ ಖರ್ಚಿನಲ್ಲಿ. ಕೆಲಸಗಾರರು ಅದಕ್ಕೆ ಮಾತ್ರೆ ಎನ್ನುವುದಿಲ್ಲ, ಬಟಾಣಿ ಎನ್ನುತ್ತಾರೆ.

"ಒಂದಾ, ಎರಡಾ?"

"ಎರಡು ಹಾಕು ಚಿಕ್ಕಮ್ಮ. ಸೊಂಟ ನನ್ನ ಮಾತೇ ಕೇಳ್ತಿಲ್ಲ."

"ನಿನ್ನ ಮಾತು ನಿನ್ನ ಗಂಡನೇ ಕೇಳಲ್ಲ, ಸೊಂಟ ಕೇಳುತ್ತಾ. ತಗೋ."

ಹೀಗೆ ನಗುನಗುತ್ತಾ ನುಂಗುತ್ತಿದ್ದರು. ಟೀ ಬೇಡ ಎಂದರೂ ನಡೆಯುತ್ತಿತ್ತು, ಬಟಾಣಿ ಬೇಡ ಎಂದರೆ ಏನೋ ಬಿಂಕ ಎಂದುಕೊಳ್ಳುತ್ತಿದ್ದರು. ದಿನವಿಡೀ ಗೂನು ಬೆನ್ನು ಮಾಡಿಸಿ, ಸಂಜೆಯವರೆಗೆ ಅದು ಗೊತ್ತಾಗದಂತೆ ಮಾಡುವ ವಿದ್ಯೆ ಇದು. ಇದಕ್ಕೆ ದಯೆ ಎಂದು ಹೆಸರು.

ಮಾಸ್ಟರಕ್ಕನ ಎದೆಯಲ್ಲಿ ಒಂದು ಲೋಹದ ಕವಾಟವಿದೆ. ಚಿಕ್ಕಂದಿನಲ್ಲಿ ಕೀಲುಗಳಲ್ಲಿ ಬಾವು ಬರಿಸಿದ ಒಂದು ಜ್ವರ ಹೋಗುತ್ತಾ ಹೋಗುತ್ತಾ ಹೃದಯದ ಕವಾಟವನ್ನು ಹಾಳು ಮಾಡಿತ್ತು. ಮೆಟ್ಟಿಲು ಹತ್ತಿದರೆ ಉಸಿರು ನಿಲ್ಲುವಷ್ಟಾದಾಗ ಆಪರೇಷನ್ ಆಯಿತು. ಹೊಸ ಕವಾಟ ತೆರೆದು ಮುಚ್ಚುವಾಗ ಟಿಕ್ ಟಿಕ್ ಎನ್ನುತ್ತದೆ. ಮನೆ ನಿಶ್ಶಬ್ದವಾಗಿದ್ದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ. "ಗಡಿಯಾರ ನುಂಗಿದ ಸೊಸೆ ನನಗೊಬ್ಬಳಿಗೇ ಸಿಕ್ಕಿದ್ದು" ಎಂದು ಅವಳ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ, ಹೆಮ್ಮೆಯಿಂದಲೇ. ಗಂಡ ಸರಕಿನ ಲಾರಿಯ ಡ್ರೈವರು, ಅರ್ಧ ವಾರ ರಸ್ತೆಯಲ್ಲೇ ಇರುತ್ತಾನೆ. ಮನೆಯ ಆಡಳಿತವೆಲ್ಲ ಅತ್ತೆಯದು.

ಲೋಹ ಕಂಡಲ್ಲಿ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪು ಕವಾಟಕ್ಕೆ ಅಂಟಿದರೆ ಕವಾಟ ಸಿಕ್ಕಿಕೊಳ್ಳಬಹುದು, ಕಿತ್ತು ಮಿದುಳಿಗೆ ಹೋದರೆ ಅರ್ಧ ಮೈ ಬಿದ್ದುಹೋಗಬಹುದು. ಅದಕ್ಕಾಗಿ ಬದುಕಿರುವಷ್ಟು ದಿನ, ದಿನಕ್ಕೊಂದು ಸಲ, ರಕ್ತ ತೆಳುವಾಗಿಸುವ ಮಾತ್ರೆ. ತೆಳು ಎನ್ನುವುದು ಬಾಯಿಮಾತು, ನೀರು ಬೆರೆಸಿದ ಹಾಗೆ ರಕ್ತವೇನೂ ತೆಳುವಾಗುವುದಿಲ್ಲ. ಹೆಪ್ಪುಗಟ್ಟುವ ಕೆಲಸ ನಿಧಾನವಾಗುತ್ತದೆ, ಅಷ್ಟೇ. ಕಡಿಮೆಯಾದರೆ ಹೆಪ್ಪಿನ ಭಯ, ಜಾಸ್ತಿಯಾದರೆ ಸೋರುವ ಭಯ. ನಡುವಿನ ಕಿರುದಾರಿಯಲ್ಲಿ ನಡೆಯುತ್ತಿದ್ದಾರೋ ಇಲ್ಲವೋ ಎಂದು ಆಗಾಗ ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ.

ಮಾಸ್ಟರಕ್ಕ ಈ ದಾರಿಯಲ್ಲಿ ನಡೆದದ್ದು ಸೀಮೆಸುಣ್ಣದ ಗೆರೆಯ ಮೇಲೆ ಅಲಗು ನಡೆಸಿದ ಹಾಗೇ. ಸಂಜೆ ಊಟ ಮುಗಿದ ಮೇಲೆ ಮಾತ್ರೆ. ಅತ್ತೆ ತಟ್ಟೆ ಎತ್ತುವ ಮೊದಲು "ನುಂಗಿದ್ಯಾ?" ಎಂದು ಕೇಳುತ್ತಾರೆ, ಬಾಯಿ ತೆರೆದು ತೋರಿಸಬೇಕು. ಒಂದು ದಿನ ಮರೆತು, ಮಾರನೆಯ ದಿನ ನೆನಪಾದಾಗ ಅತ್ತೆ ಎರಡು ಮಾತ್ರೆ ಅಂಗೈಗೆ ಹಾಕಿದರು.

"ನಿನ್ನೇದು, ಇವತ್ತಿಂದು. ಲೆಕ್ಕ ಚುಕ್ತಾ."

"ಅತ್ತೆ, ನಿನ್ನೆ ಉಣ್ಣದೇ ಇದ್ರೆ ಇವತ್ತು ಎರಡು ಸಲ ಬಡಿಸ್ತೀರಾ?"

"ಬಡಿಸ್ತೀನಿ."

"ಮಾತ್ರೆಗೆ ಹಾಗಿಲ್ಲವಂತೆ. ಆವತ್ತೇ ನೆನಪಾದ್ರೆ ಸರಿ, ಇಲ್ದಿದ್ರೆ ಬಿಟ್ಟಿದ್ದು ಬಿಟ್ಟ ಹಾಗೆ. ಟೆಸ್ಟಿಗೆ ಹೋದಾಗ ಮರೆತಿದ್ದೆ ಅಂತ ಹೇಳ್ಬೇಕು."

ಸೊಪ್ಪಿನದೂ ಒಂದು ಕಥೆ. ಯಾರೋ ಹೇಳಿದರೆಂದು ಅತ್ತೆ ಮನೆಯೊಳಗೆ ಹಸಿರು ಬರುವುದನ್ನೇ ನಿಲ್ಲಿಸಿದ್ದರು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕ್ಲಿನಿಕ್ಕಿನ ನರ್ಸಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದರು: ಸೊಪ್ಪು ಮಾತ್ರೆಯ ಕೈ ಹಿಡಿದು ಎಳೆಯುತ್ತದೆ, ನಿಜ. ಹಾಗೆಂದು ಬಿಡಬೇಡಿ. ಒಂದು ವಾರ ರಾಶಿ, ಇನ್ನೊಂದು ವಾರ ಶೂನ್ಯ ಮಾಡಬೇಡಿ, ಒಂದೇ ಸಮ ತಿನ್ನಿ, ಅದಕ್ಕೆ ತಕ್ಕ ಹಾಗೆ ನಾವು ಮಾತ್ರೆ ಹೊಂದಿಸುತ್ತೇವೆ. ಅಂದಿನಿಂದ ಅತ್ತೆ ಸೊಪ್ಪನ್ನು ಬಟ್ಟಲಿನಲ್ಲಿ ಅಳೆದು ಹಾಕತೊಡಗಿದರು, ಮಗನಿಗೂ ಅದೇ ಬಟ್ಟಲು. ಹಲ್ಲು ಕೀಳಬೇಕಾಗಿ ಬಂದಾಗ ಹಲ್ಲಿನ ಡಾಕ್ಟರು ನಾಲ್ಕು ದಿನ ಮಾತ್ರೆ ನಿಲ್ಲಿಸಿ ಬನ್ನಿ ಎಂದರು. ಮಾಸ್ಟರಕ್ಕ ಅಲ್ಲಿಂದಲೇ ಕ್ಲಿನಿಕ್ಕಿಗೆ ಫೋನು ಹಚ್ಚಿ, ಫೋನನ್ನು ಹಲ್ಲಿನ ಡಾಕ್ಟರ ಕೈಗೇ ಕೊಟ್ಟಳು. ನೀವೇ ಮಾತಾಡಿಕೊಳ್ಳಿ, ನನ್ನ ಪ್ರಾಣ ನಿಮ್ಮಿಬ್ಬರ ನಡುವೆ ಬೇಡ ಎಂದಳು. ಮಾತ್ರೆ ನಿಲ್ಲಲಿಲ್ಲ, ಹಲ್ಲು ಕಿತ್ತು ಬಂತು.

ಇಷ್ಟು ಎಚ್ಚರದ ಹೆಂಗಸು ಬಟಾಣಿ ತಿನ್ನುತ್ತಿದ್ದಳು.

ನಗಬೇಡಿ. ಅಲ್ಲಿ ಕೆಲಸ ಮಾಡಿದ್ದರೆ ನೀವೂ ತಿನ್ನುತ್ತಿದ್ದಿರಿ. ಬೇರೆ ಯಾವ ಮಾತ್ರೆಯನ್ನೂ ಕೇಳದೆ ನುಂಗಬೇಡಿ ಎಂದು ಆಸ್ಪತ್ರೆಯಿಂದ ಕಳಿಸುವಾಗ ಹೇಳಿದ್ದರು, ಇಲ್ಲವೆನ್ನುವ ಹಾಗಿಲ್ಲ. ಬಾಗಿಲಲ್ಲಿ ನಿಂತು, ಮುಂದಿನ ರೋಗಿಯ ಚೀಟಿ ನೋಡುತ್ತಾ, ರೈಲು ಹೊರಡುವಾಗ ಕಿಟಕಿಯಲ್ಲಿ ಹೇಳುವ ಮಾತಿನಂತೆ ಹೇಳಿದ್ದರು. ಆದರೂ ಅವಳು ಪಾಲಿಸಿದಳು. ಜ್ವರ ಬಂದರೆ ಕೇಳಿದಳು, ಕೆಮ್ಮಿನ ಔಷಧಿಗೂ ಕೇಳಿದಳು. ಆದರೆ ಬಟಾಣಿ ಮಾತ್ರೆ ಎಂದು ಅವಳ ತಲೆಗೆ ಹೊಳೆಯಲೇ ಇಲ್ಲ. ಮಾತ್ರೆ ಔಷಧಿ ಅಂಗಡಿಯಿಂದ ಬರುತ್ತದೆ, ಡಾಕ್ಟರು ಬರೆಯುತ್ತಾರೆ, ಕಾಯಿಲೆಯವರು ನುಂಗುತ್ತಾರೆ. ಬಟಾಣಿ ಟೀ ಜೊತೆ ಬರುತ್ತದೆ, ಕಾಜಾ ಚಿಕ್ಕಮ್ಮ ಕೊಡುತ್ತಾಳೆ, ಕೆಲಸ ಮಾಡುವವರು ನುಂಗುತ್ತಾರೆ. ಪ್ರತಿ ಪರೀಕ್ಷೆಯಲ್ಲೂ ನರ್ಸಮ್ಮ ಕೇಳುತ್ತಿದ್ದರು: "ಬೇರೆ ಯಾವುದಾದ್ರೂ ಮಾತ್ರೆ?" "ಇಲ್ಲ ಸಿಸ್ಟರ್." ಸುಳ್ಳಲ್ಲ. ಅವಳ ಲೆಕ್ಕದಲ್ಲಿ ಅದು ಪೂರಾ ಸತ್ಯ.

ಕಾರ್ಖಾನೆಯಲ್ಲಿ ಮಾತ್ರ ಅವಳು ಹೇಳುತ್ತಿದ್ದುದು ಸುಳ್ಳು. ಆಪರೇಷನ್ ಪಿತ್ತಕೋಶದ ಕಲ್ಲಿಗೆ ಎಂದಿದ್ದಳು. ಎದೆಯ ಗಾಯದ ಗುರುತು ಕಾಣದಂತೆ ಕುತ್ತಿಗೆವರೆಗೆ ರವಿಕೆಯ ಗುಂಡಿ ಹಾಕಿಕೊಳ್ಳುತ್ತಿದ್ದಳು. ಮೊಳೆಯ ಮೇಲಿದ್ದ ಉಕ್ಕಿನ ಕೈಗವಸು ಇಳಿಸಿ ಹಾಕಿಕೊಳ್ಳತೊಡಗಿದಾಗ, ಬಟ್ಟೆಯ ಗಂಜಿಗೆ ಚರ್ಮ ಕೆರೆಯುತ್ತದೆ ಎಂದಳು. "ಏನಕ್ಕ, ಯುದ್ಧಕ್ಕೆ ಹೊರಟ್ಯಾ? ಕುದುರೆ ಎಲ್ಲಿ?" ಎಂದು ಹುಡುಗಿಯರು ಕಾಡಿದರು. "ಕುದುರೆ ನೀವೇ, ಓಡಿ" ಎಂದು ನಕ್ಕು ತೇಲಿಸಿದಳು.

ಯಾಕೆ ಸುಳ್ಳು? ಬಾಗಿಲ ಪಕ್ಕದ ಪ್ಯಾಕಿಂಗ್ ಜಾಗ ಯಾಕಿದೆ ಎಂದು ಅವಳಿಗೆ ಗೊತ್ತಿತ್ತು. ಕಾಲರ್ ಹೊಲಿಯುತ್ತಿದ್ದ ಒಬ್ಬಳಿಗೆ ಆಗಾಗ ಫಿಟ್ಸ್ ಬರುತ್ತದೆ ಎಂದು ತಿಳಿದ ದಿನ, ನಿನ್ನ ಒಳ್ಳೆಯದಕ್ಕೇ ಎಂದು ಅವಳನ್ನು ಅಲ್ಲಿ ಕೂರಿಸಿದರು. ಪ್ಯಾಕಿಂಗಿಗೆ ಸಂಬಳ ಕಡಿಮೆ, ಕೆಲಸವೂ ಕಡಿಮೆ. ಸ್ವಲ್ಪ ಕಾಲದಲ್ಲೇ ಕೆಲಸವೇ ಇಲ್ಲ. ಬಾಗಿಲ ಪಕ್ಕದಲ್ಲಿ ಕೂರಿಸುವುದು ಬಾಗಿಲು ಹತ್ತಿರವಾಗಲಿ ಎಂದೇ. ಮೇಜು ಬಿಡುವುದೆಂದರೆ ಮಾಸ್ಟರಕ್ಕನಿಗೆ ಕೈ ಬಿಟ್ಟ ಹಾಗೆ. ಹೊಲಿಗೆ ಸಾಲಿನ ಕೊನೆಯ ಸ್ಟೂಲಿನಿಂದ ಆ ಮೇಜಿನವರೆಗೆ ಅವಳು ಬಂದದ್ದು ಯಾರ ಕೃಪೆಯಿಂದಲೂ ಅಲ್ಲ. ಹಳೆಯ ಮಾಸ್ಟರು ಊಟಕ್ಕೆ ಹೋದಾಗ ಚೂರು ಬಟ್ಟೆಯ ಮೇಲೆ ಗೆರೆ ಎಳೆದು ಎಳೆದು ಕಲಿತದ್ದು.

ಶಾಲೆಗಳು ತೆರೆಯುವ ಕಾಲ ಬಂತು. ಥಾನುಗಳು ಮೆಟ್ಟಿಲವರೆಗೆ ಪೇರಿಸಿ ನಿಂತವು. ಮೇಜು ಅವಳ ಎತ್ತರಕ್ಕೆ ತಗ್ಗು, ದಿನವಿಡೀ ಬಗ್ಗಿ ನೂಕಿ ಬಲಭುಜ ಕಿತ್ತು ಬರುವಂತಾಯಿತು. ಮೊದಲು ಅಪರೂಪಕ್ಕೊಂದು ಬಟಾಣಿ. ಆಮೇಲೆ ಬೆಳಗ್ಗೆಯೇ ಡಬ್ಬಿ ಕೇಳಿ ಎರಡು, ಮಧ್ಯಾಹ್ನ ಟೀ ಜೊತೆ ಎರಡು.

ಮೊದಲು ತೊಡೆಯ ಮೇಲೆ ನೀಲಿ ಕಲೆಗಳು ಎದ್ದವು. ಮೇಜಿನ ಅಂಚು ತಾಗಿರಬೇಕು ಎಂದುಕೊಂಡಳು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ, ಬ್ರಷ್ಷು ಒರಟು ಎಂದುಕೊಂಡಳು. ಆಮೇಲೆ ಹೊಟ್ಟೆಯಲ್ಲಿ ಉರಿ, ಎದ್ದು ನಿಂತರೆ ಕಣ್ಣು ಕತ್ತಲೆ. ಒಂದು ಬೆಳಗ್ಗೆ ಕಕ್ಕಸಿನಿಂದ ಬಂದು ಬಾಗಿಲಿಗೆ ಒರಗಿದವಳ ಮುಖ ನೋಡಿ ಅತ್ತೆ ಒಲೆ ಆರಿಸಿದರು.

"ಏನಾಯ್ತು?"

"ಏನಿಲ್ಲ ಅತ್ತೆ. ಕಪ್ಪಗೆ ಹೋಗ್ತಿದೆ. ಟಾರಿನ ಹಾಗೆ."

"ಎಷ್ಟು ದಿನದಿಂದ?"

"ನಿನ್ನೆಯಿಂದ ಇರ್ಬೇಕು. ಇವತ್ತು ಥಾನು ಬರೋದಿದೆ, ಸಂಜೆ ಹೋಗಿ ತೋರಿಸ್ತೀನಿ."

"ಥಾನು ಹಾಳಾಗಿ ಹೋಗ್ಲಿ. ಕಪ್ಪಗೆ ಹೋದ್ರೆ ಒಳಗೆ ಸೋರ್ತಿದೆ ಅಂತ ಆ ನರ್ಸು ನನ್ನ ಮುಂದೇನೇ ಹೇಳಿದ್ದು. ಚಪ್ಪಲಿ ಹಾಕ್ಕೋ."

ಆ ಅತ್ತೆಗೆ ಅಕ್ಷರ ಬರುವುದಿಲ್ಲ, ಕಿವಿ ಚೆನ್ನಾಗಿ ಕೇಳುತ್ತದೆ. ಸೊಸೆಯನ್ನು ಆಟೋಗೆ ಹತ್ತಿಸಿ, ದಾರಿಯುದ್ದಕ್ಕೂ ಡ್ರೈವರಿಗೆ ಬೈಯುತ್ತಾ ಆಸ್ಪತ್ರೆ ಮುಟ್ಟಿಸಿದರು.

ಸೂಜಿ ಚುಚ್ಚಿ ರಕ್ತ ತೆಗೆದುಕೊಳ್ಳುತ್ತಾ ನರ್ಸಮ್ಮ ಎಂದಿನ ಪ್ರಶ್ನೆ ಕೇಳಿದರು. ಬೇರೆ ಮಾತ್ರೆ ಏನಾದರೂ? ಇಲ್ಲ ಸಿಸ್ಟರ್. ನಾಟಿ ಔಷಧಿ, ಪುಡಿ, ಕಷಾಯ? ಇಲ್ಲ. ನರ್ಸಮ್ಮ ಹೊರಡಲು ಎದ್ದವರು, ಅವಳು ಭುಜ ಹಿಡಿದುಕೊಂಡು ಮುಖ ಕಿವುಚಿದ್ದನ್ನು ಕಂಡು ನಿಂತರು.

"ಭುಜ ನೋವಾ?"

"ಕಟಿಂಗ್ ಮಾಡೋರಿಗೆ ಇದ್ದಿದ್ದೇ."

"ನೋವು ಬಂದಾಗ ಏನು ಮಾಡ್ತೀರಿ?"

"ಏನಿಲ್ಲ, ಎರಡು ಬಟಾಣಿ ಹಾಕ್ಕೋತೀನಿ, ಕಡಿಮೆ ಆಗುತ್ತೆ."

ನರ್ಸಮ್ಮ ನಕ್ಕರು. "ಬಟಾಣಿಗೆ ಭುಜನೋವು ಹೋಗುತ್ತಾ? ನಮಗೂ ಸ್ವಲ್ಪ ಕೊಡಿ." ಆಮೇಲೆ ನಗು ನಿಂತಿತು. "ಯಾವ ಬಟಾಣಿ?"

ಅತ್ತೆ ಸೊಸೆಯ ಚೀಲ ಕಸಿದು ತಡಕಿದರು. ಮನೆಗೆಂದು ಇಟ್ಟುಕೊಂಡಿದ್ದ ಎರಡು ಬಿಳಿ ಮಾತ್ರೆ ಕರ್ಚೀಫಿನ ಗಂಟಿನಲ್ಲಿದ್ದವು. ನರ್ಸಮ್ಮ ಅವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ಹೇಳಿದರು: "ಇದು ಹೊಟ್ಟೆಯ ಒಳಗೋಡೆಯನ್ನ ಕೆರೆಯುತ್ತೆ. ಬೇರೆಯವರಿಗೆ ಕೆರೆದ್ರೆ ತಾನೇ ಮುಚ್ಕೊಳ್ಳುತ್ತೆ. ನಿಮ್ಮ ರಕ್ತಕ್ಕೆ ಮುಚ್ಚೋ ಆತುರ ಇಲ್ಲ, ಆ ಆತುರ ಬೇಡ ಅಂತಾನೇ ನಾವು ಮಾತ್ರೆ ಕೊಡೋದು. ಎರಡೂ ಸೇರಿದ್ರೆ ಸೋರುತ್ತೆ. ಕೆಲವು ಸಲ ಕಪ್ಪಗೆ ಹೋಗೋವರೆಗೂ ಗೊತ್ತಾಗಲ್ಲ. ನೀವು ಪುಣ್ಯವಂತರು, ಗೊತ್ತಾಯ್ತು."

ಆಸ್ಪತ್ರೆಯಲ್ಲಿ ಮಲಗಿಸಿದರು, ರಕ್ತ ಕೊಟ್ಟರು, ಹೊಟ್ಟೆಯ ಗಾಯಕ್ಕೆ ಔಷಧಿ ಕೊಟ್ಟರು. ಕವಾಟದ ಮಾತ್ರೆಯನ್ನು ಡಾಕ್ಟರೇ ತಡೆಹಿಡಿದು, ದಿನ ದಿನವೂ ರಕ್ತ ನೋಡಿ, ಡಾಕ್ಟರೇ ಮತ್ತೆ ಶುರು ಮಾಡಿದರು. ಹೊರಡುವ ದಿನ ಮಾಸ್ಟರಕ್ಕ ಡಾಕ್ಟರನ್ನು ಬಾಗಿಲಲ್ಲಿ ಜಾರಿಕೊಳ್ಳಲು ಬಿಡಲಿಲ್ಲ.

"ಒಂದು ಕೇಳ್ಬೇಕು ಸರ್. ಕೂತ್ಕೊಳ್ಳಿ. ನಾನು ಅಲಗು ಹಿಡಿಯೋಳು. ಹಿಡೀಬಹುದಾ, ಬಿಡ್ಬೇಕಾ? ಒಂದು ಮಾತಲ್ಲಿ ಹೇಳ್ಬಿಡಿ."

ಡಾಕ್ಟರು ಕೂತರು. "ಒಂದು ಮಾತಲ್ಲಿ ಆಗಲ್ಲಮ್ಮ. ಕೈಗವಸು ಹಾಕ್ತೀರಾ?"

"ಹಾಕ್ತೀನಿ."

"ಟೆಸ್ಟು ತಪ್ಪಿಸಬೇಡಿ, ಮಾತ್ರೆ ನೀವಾಗೇ ನಿಲ್ಲಿಸಬೇಡಿ, ಆ ಬಟಾಣಿ ಮುಟ್ಟಬೇಡಿ. ನೋವಿಗೆ ಬೇರೆ ಕೊಡ್ತೀನಿ, ಅದೂ ಹೇಳಿದಷ್ಟೇ. ಇಷ್ಟು ಮಾಡಿದ್ರೆ ಕೆಲಸ ಮಾಡಿ, ಬೇಡ ಅನ್ನಲ್ಲ. ಸಣ್ಣದಾಗಿ ಕೊಯ್ದರೆ ಬೇರೆಯವರಿಗಿಂತ ಹೆಚ್ಚು ಹೊತ್ತು ಹರಿಯುತ್ತೆ, ಗಾಬರಿ ಬೀಳಬೇಡಿ. ಶುದ್ಧವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ, ಕೈ ಮೇಲೆತ್ತಿ. ತೆಗೆದು ತೆಗೆದು ನೋಡಬೇಡಿ. ಆಳವಾಗಿದ್ರೆ, ಒತ್ತಿದರೂ ನಿಲ್ಲದಿದ್ರೆ ಬಂದುಬಿಡಿ. ತಲೆಗೆ ಪೆಟ್ಟು ಬಿದ್ರೆ ಒಂದು ಹನಿ ರಕ್ತ ಕಾಣದಿದ್ರೂ ಬನ್ನಿ. ಮತ್ತೆ, ಪಕ್ಕದಲ್ಲಿ ಇರೋರಿಗೆ ವಿಷಯ ಗೊತ್ತಿರಲಿ. ನೀವು ಪ್ರಜ್ಞೆ ತಪ್ಪಿ ಬಿದ್ರೆ ನಮಗೆ ಹೇಳೋರು ಯಾರು?"

ಕೊನೆಯ ಮಾತು ಅವಳಿಗೆ ಚುಚ್ಚಿತು. ಪಕ್ಕದಲ್ಲಿರುವವರಿಗೆಲ್ಲ ಪಿತ್ತಕೋಶದ ಕಲ್ಲಿನ ಕಥೆ ಗೊತ್ತಿತ್ತು.

ಕೆಲಸಕ್ಕೆ ಮರಳಿದ ದಿನ ಟೀ ಹೊತ್ತಿಗೆ ಕಾಜಾ ಚಿಕ್ಕಮ್ಮ ಡಬ್ಬಿ ಚಾಚಿದಾಗ ಮಾಸ್ಟರಕ್ಕ ಅದನ್ನು ಇಸಿದುಕೊಂಡು ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಕುತ್ತಿಗೆಯ ಎರಡು ಗುಂಡಿ ಬಿಚ್ಚಿದಳು.

"ಇದು ಪಿತ್ತಕೋಶದ್ದಲ್ಲ. ಹೃದಯದ್ದು."

ಮಿಷನ್ನುಗಳು ಆಗಲೇ ನಿಂತಿದ್ದವು. ಈಗ ಹುಡುಗಿಯರು ಸ್ಟೂಲು ತಿರುಗಿಸಿ ಕೂತರು. ಅವಳು ಎಲ್ಲ ಹೇಳಿದಳು. ಕವಾಟ, ಮಾತ್ರೆ, ಬಟಾಣಿ, ಕಪ್ಪಗೆ ಹೋದದ್ದು, ಕೈ ಕೊಯ್ದರೆ ಏನು ಮಾಡಬೇಕೆಂದು ಡಾಕ್ಟರು ಹೇಳಿದ್ದು ಎಲ್ಲವನ್ನೂ. ಕಾಜಾ ಚಿಕ್ಕಮ್ಮ ಸ್ಟೂಲಿನ ಮೇಲೆ ಕುಸಿದಳು.

"ನನ್ನ ಕೈಯಾರೆ ಕೊಟ್ನಲ್ಲೇ."

"ನಾನು ಬಾಯಾರೆ ತಿಂದ್ನಲ್ಲ ಚಿಕ್ಕಮ್ಮ. ನಿನಗೇನು ಕನಸು ಬಿದ್ದಿತ್ತಾ."

ಯಜಮಾನರು ಒಳಕೋಣೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಕೆಟ್ಟವರಲ್ಲ. ಈ ಮಾತನ್ನು ನಾನು ಸಿಟ್ಟಿನಿಂದಲೇ ಬರೆಯುತ್ತೇನೆ, ಏಕೆಂದರೆ ಕೆಟ್ಟವರಾಗಿದ್ದರೆ ಜಗಳ ಸಲೀಸಾಗುತ್ತಿತ್ತು. ಅವರ ಮುಖದಲ್ಲಿ ನಿಜವಾದ ಕಳವಳವಿತ್ತು. ಆ ಕಳವಳದಿಂದಲೇ ಹೇಳಿದರು:

"ಮೊದಲೇ ಹೇಳ್ಬಾರ್ದಿತ್ತೇನಮ್ಮ? ಸರಿ, ಆಯ್ತು. ನಾಳೆಯಿಂದ ಪ್ಯಾಕಿಂಗ್ ನೋಡ್ಕೋ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ನನ್ನ ಒಳ್ಳೇದು ಡಾಕ್ಟರ ಹತ್ರ ಕೇಳ್ಕೊಂಡು ಬಂದಿದೀನಿ ಯಜಮಾನ್ರೇ. ಅಲಗು ಹಿಡಿ ಅಂದ್ರು."

"ಡಾಕ್ಟರು ಅಲ್ಲಿರ್ತಾರೆ. ಇಲ್ಲಿ ಕೈ ಕೊಯ್ದು ರಕ್ತ ನಿಲ್ಲದೇ ಹೋದ್ರೆ ನನ್ನ ತಲೆ ಮೇಲೆ ಬರುತ್ತೆ."

"ಯಾರ ಕೈ ಕೊಯ್ದರೂ ನಿಮ್ಮ ತಲೆ ಮೇಲೇ ಬರ್ಬೇಕು. ಇಷ್ಟು ವರ್ಷ ಬರೀಗೈಯಲ್ಲಿ ಕೊಯ್ಸಿದ್ರಲ್ಲ, ಆಗ ಎಲ್ಲಿತ್ತು ತಲೆ?"

ಯಾರೋ ಕಿಸಕ್ಕೆಂದರು. ಯಜಮಾನರು ದಾರಿ ಬದಲಿಸಿದರು. "ಹಾಗಾದ್ರೆ ಒಂದು ಕೆಲಸ ಮಾಡು. ಕಟಿಂಗ್ ಇರೋ ದಿನ ಆ ಮಾತ್ರೆ ಬಿಟ್ಬಿಡು. ರಜೆ ದಿನ ತಗೋ."

"ಕವಾಟಕ್ಕೆ ರಜೆ ಇಲ್ವಲ್ಲ. ಬಿಟ್ಟ ದಿನ ಹೆಪ್ಪು ಕಟ್ಟಿ ತಲೆಗೆ ಏರಿದ್ರೆ ನಿಮ್ಮ ಪ್ಯಾಕಿಂಗಿಗೂ ಬರೋದಕ್ಕಾಗಲ್ಲ ನನಗೆ. ಬೆರಳು ಕೊಯ್ದರೆ ಒತ್ತಿ ಹಿಡೀಬಹುದು. ಮಿದುಳನ್ನ ಎಲ್ಲಿಂದ ಒತ್ತಲಿ?"

ಆಗ ಕಿಟಕಿಯ ಬಳಿಯಿಂದ ಇಸ್ತ್ರಿ ಮಾಮ ಗಂಟಲು ಸರಿಮಾಡಿಕೊಂಡರು. ಅರವತ್ತು ದಾಟಿದ ಮನುಷ್ಯ, ಮಾತಿಗೆ ಬಹಳ ಜಿಪುಣ. ಅವರ ಅಂಗೈಯಲ್ಲಿ ಆವತ್ತಿನ ಎರಡು ಬಟಾಣಿ ಇನ್ನೂ ಹಾಗೇ ಇದ್ದವು.

"ಅಲ್ಲಮ್ಮ... ಎದೆನೋವು ಬಂದಿತ್ತು ನನಗೆ, ಹೋದ ವರ್ಷ. ರಕ್ತ ಗಟ್ಟಿ ಆಗದೇ ಇರ್ಲಿ ಅಂತ ದಿನಾ ಒಂದು ಸಣ್ಣ ಮಾತ್ರೆ ಕೊಟ್ಟಿದ್ದಾರೆ. ಅದಕ್ಕೂ ಇದಕ್ಕೂ ಆಗಲ್ವಾ?"

"ನಿಮ್ಮದು ಬೇರೆ ಮಾತ್ರೆ ಇರಬಹುದು ಮಾಮ, ನಾನು ಡಾಕ್ಟರಲ್ಲ. ಇವತ್ತೇ ಹೋಗಿ ಕೇಳಿ. ಅಲ್ಲಿವರೆಗೂ ಕೈಯಲ್ಲಿರೋದನ್ನ ಕೆಳಗಿಡಿ."

ಮಾಮ ಇಟ್ಟರು. ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಇಡುವಷ್ಟು ಜೋಪಾನವಾಗಿ ಮೇಜಿನ ತುದಿಗೆ ಇಟ್ಟರು. ಅವರೂ ಹೇಳಿರಲಿಲ್ಲ. ಅವರಿಗೂ ಆ ಪ್ಯಾಕಿಂಗ್ ಜಾಗದ ಭಯ. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಜೀವ ಹೋಗುತ್ತದೆ, ಎರಡರಲ್ಲಿ ಯಾವುದು ಬೇಕೋ ಆರಿಸಿಕೊಳ್ಳಿ ಎಂದು ನಮ್ಮ ಕೆಲಸದ ಜಾಗಗಳು ಟೀ ಕೊಡುತ್ತಾ ಕೇಳುತ್ತವೆ. ಮಾಮನನ್ನು ನೋಡಿದ ಮೇಲೆ ಯಜಮಾನರ ದನಿ ಇಳಿಯಿತು. ಡಬ್ಬಿ ತುಂಬಿಸಿದ ಕೈ ಅವರದೇ ಅಲ್ಲವೇ.

"ಡಬ್ಬಿ ಬೇಡ ಅಂದ್ರೆ ಬೇಡ" ಎಂದರು. "ಆದ್ರೆ ಮೇಜಿನ ವಿಷಯ... ನನಗೆ ಧೈರ್ಯ ಇಲ್ಲಮ್ಮ. ಒಂದೇ ಒಂದು ಸಲ ಕೈ ಕೊಯ್ದುಕೊಂಡ್ರೂ ಪ್ಯಾಕಿಂಗಿಗೆ. ಒಪ್ಕೋತೀಯಾ?"

"ಒಪ್ಪಲ್ಲ. ಇದು ಅಲಗಿನ ಕೆಲಸ, ಒಂದಲ್ಲ ಒಂದು ದಿನ ಕೊಯ್ಯುತ್ತೆ. ಕೊಯ್ದಾಗ ಮುಚ್ಚಿಡಲ್ಲ, ನಾನೇ ನಿಮ್ಮನ್ನ ಕೂಗ್ತೀನಿ. ಬಂದು ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿ. ನಿಲ್ಲದೇ ಹೋದ್ರೆ ನಾನೇ ಪ್ಯಾಕಿಂಗಿಗೆ ಹೋಗ್ತೀನಿ, ನೀವು ಹೇಳೋದೇ ಬೇಡ. ನಿಂತ್ರೆ ಈ ಮಾತು ಇಲ್ಲಿಗೆ ಮುಗೀತು."

ಯಜಮಾನರು ಡಬ್ಬಿ ಎತ್ತಿಕೊಂಡು ಒಳಕೋಣೆಗೆ ಹೋದರು. ಇಷ್ಟರಲ್ಲಿ ಕಾಜಾ ಚಿಕ್ಕಮ್ಮ ಎದ್ದು, ಪೇಂಟು ಅಂಗಡಿಯ ಹಿಂದೆ ಬಿದ್ದಿದ್ದ ಇಟ್ಟಿಗೆ ತರಿಸಿ ಮೇಜಿನ ಕಾಲುಗಳ ಕೆಳಗೆ ಇಡಿಸಿದಳು. ಮೇಜು ಮೇಲೆದ್ದಿತು, ಮಾಸ್ಟರಕ್ಕನ ಬೆನ್ನು ನೇರವಾಯಿತು. ಅಷ್ಟೂ ಬಟಾಣಿಗೆ ಬದಲು ನಾಲ್ಕು ಇಟ್ಟಿಗೆ ಸಾಕಿತ್ತು. ಯಾರಿಗೂ ಹೊಳೆದಿರಲಿಲ್ಲ, ಏಕೆಂದರೆ ನೋವು ಸದ್ದು ಮಾಡಲು ಡಬ್ಬಿ ಬಿಟ್ಟಿರಲಿಲ್ಲ.

ಕೈ ಕೊಯ್ಯುವ ಆ ದಿನವೂ ಬಂತು, ಆದರೆ ಮಿಷನ್ನಿನಿಂದಲ್ಲ. ನರ್ಸುಗಳ ಕೋಟಿನ ಬಟ್ಟೆಯ ಒಂದು ಥಾನು ಕೊಯ್ದು ಮುಗಿಸಿ, ಕೈಗವಸು ತೆಗೆದಿಟ್ಟು, ಕುತ್ತಿಗೆಯ ಸುತ್ತನ್ನು ದೊಡ್ಡ ಕತ್ತರಿಯಲ್ಲಿ ತಿದ್ದುತ್ತಿದ್ದಳು. ಬಟ್ಟೆ ಜಾರಿತು. ಕತ್ತರಿಯ ಬಾಯಿ ಎಡಗೈಯ ತೋರುಬೆರಳನ್ನು ಕಚ್ಚಿತು.

ಬಿಳಿ ಬಟ್ಟೆಯ ಮೇಲೆ ಹನಿ ಬೀಳುವ ಮೊದಲೇ ಅವಳು ಕೈ ಆಚೆ ಎಳೆದುಕೊಂಡಳು. ಕೋಣೆಯಲ್ಲಿ ಯಾರೂ ನೋಡಿರಲಿಲ್ಲ. ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕಕ್ಕಸಿನ ಕಡೆ ಹೋಗಿಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಿಂದಿನ ದಿನಗಳಲ್ಲಾಗಿದ್ದರೆ ಅವಳು ಹಾಗೇ ಮಾಡುತ್ತಿದ್ದಳು.

"ಯಜಮಾನ್ರೇ, ಬನ್ನಿ. ಕೊಯ್ದುಕೊಂಡೆ."

ಮಿಷನ್ನುಗಳು ಸಾಲಾಗಿ ಬಾಯಿ ಮುಚ್ಚಿದವು. ಯಜಮಾನರು ಓಡಿಬಂದರು. ಅವಳು ಆಗಲೇ ನಲ್ಲಿಯ ಕೆಳಗೆ ಬೆರಳು ತೊಳೆದು, ಬಲಗೈಯಿಂದ ಗಾಯವನ್ನು ಬಿಡಿಸಿ ನೋಡಿ, ಆಳವಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಆಸ್ಪತ್ರೆಯಿಂದ ತಂದಿಟ್ಟಿದ್ದ ಗಾಯದ ಬಟ್ಟೆಯನ್ನು ಇಟ್ಟು ಹಿಂಡಿ ಹಿಡಿದಿದ್ದಳು. ಕೈ ತಲೆಗಿಂತ ಮೇಲಿತ್ತು. ಬಿಳಿ ಬಟ್ಟೆ ಕೆಂಪಾಯಿತು. ಅವಳು ಅದನ್ನು ತೆಗೆಯದೆ ಮೇಲೊಂದು ಇಟ್ಟು ಒತ್ತಿದಳು.

"ಹರೀತಿದೆಯಲ್ಲಮ್ಮ" ಎಂದರು ಯಜಮಾನರು. ಅವರ ಮುಖದಲ್ಲಿ ರಕ್ತ ಅವಳಿಗಿಂತ ಕಡಿಮೆ ಇತ್ತು.

"ಹರಿಯುತ್ತೆ. ನಿಮ್ಮದಕ್ಕಿಂತ ಜಾಸ್ತಿ ಹೊತ್ತು ಹರಿಯುತ್ತೆ ಅಂತ ಹೇಳಿದ್ದೆ. ಕೂತ್ಕೊಳ್ಳಿ, ನೀವು ಬಿದ್ರೆ ಎತ್ತೋದಕ್ಕೆ ನನಗೆ ಕೈ ಖಾಲಿ ಇಲ್ಲ."

"ಒಂದು ಸಲ ತೆಗೆದು ನೋಡು."

"ತೆಗೀಬಾರ್ದು. ಅನ್ನ ಬೆಂದಿದೆಯಾ ಅಂತ ಗಳಿಗೆಗೊಂದು ಸಲ ಮುಚ್ಚಳ ತೆಗೆದ್ರೆ ಬೇಯುತ್ತಾ?"

ಕಾಜಾ ಚಿಕ್ಕಮ್ಮ ಬಾಗಿಲಲ್ಲಿ ಆಟೋ ಇದೆಯೇ ಎಂದು ಇಣುಕಿ ಬಂದಳು, ಬೇಕಾದರೆ ಇರಲಿ ಎಂದು. ಇಸ್ತ್ರಿ ಮಾಮ ಕ್ಲಿನಿಕ್ಕಿನ ನಂಬರು ಒತ್ತಿ ಫೋನು ಕೈಯಲ್ಲೇ ಹಿಡಿದು ನಿಂತರು. ಅವರ ಡಾಕ್ಟರು ಬಟಾಣಿ ಬೇಡವೇ ಬೇಡ ಎಂದು ಹೇಳಿ ಕಳಿಸಿದ್ದು ಆಗ ಇಡೀ ಕೋಣೆಗೆ ಗೊತ್ತಿತ್ತು. ಎಲ್ಲರಿಗೂ ಏನು ಮಾಡಬೇಕೆಂದು ಗೊತ್ತಿತ್ತು. ಬಚ್ಚಿಟ್ಟ ಕಾಲದಲ್ಲಿ ಇದೇ ಬೆರಳು ಇದೇ ರೀತಿ ಕೊಯ್ದಿದ್ದರೆ ಅವಳು ಒಬ್ಬಳೇ, ಕಕ್ಕಸಿನ ಕೋಣೆಯಲ್ಲಿ.

ಬಹಳ ಹೊತ್ತು ಹಿಡಿದಳು. ಯಾರೂ ಮಿಷನ್ ತುಳಿಯಲಿಲ್ಲ. ನಿಶ್ಶಬ್ದದಲ್ಲಿ ಟಿಕ್ ಟಿಕ್ ಸದ್ದು ಕೇಳಿ ಯಜಮಾನರು ಗೋಡೆಯ ಗಡಿಯಾರ ನೋಡಿದರು, ಅದು ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಆಮೇಲೆ ಅವಳ ಕಡೆ ನೋಡಿದರು.

ಅವಳು ಬಟ್ಟೆಯನ್ನು ನಿಧಾನವಾಗಿ ಬಿಡಿಸಿದಳು. ಬೆರಳಿನ ಮೇಲೆ ತೆಳುವಾದ ಕೆಂಪು ಗೆರೆ. ಕಾದರು. ಗೆರೆ ಗೆರೆಯಾಗಿಯೇ ಉಳಿಯಿತು.

"ನಿಂತಿದೆ" ಎಂದಳು. "ನೋಡಿ."

ಯಜಮಾನರು ಬಗ್ಗಿ ನೋಡಿದರು. ಕಾಜಾ ಚಿಕ್ಕಮ್ಮ ಪಟ್ಟಿ ಸುತ್ತಿದಳು. ಮಾಸ್ಟರಕ್ಕ ಸುತ್ತಿದ ಬೆರಳಿನ ಮೇಲೆಯೇ ಕೈಗವಸು ಏರಿಸಿಕೊಂಡು, ಕೊಯ್ಯದೆ ಉಳಿದಿದ್ದ ಕಡೆಯ ಥಾನಿನ ತುದಿ ಹಿಡಿದು ಮೇಜಿನ ಉದ್ದಕ್ಕೂ ಬಿಚ್ಚತೊಡಗಿದಳು. ಇನ್ನೊಂದು ತುದಿಯನ್ನು ಹಿಡಿದು ಎಳೆಯಲು ಇನ್ನೊಬ್ಬರು ಬೇಕು.

"ಆ ಕಡೆ ಹಿಡೀರಿ ಯಜಮಾನ್ರೇ" ಎಂದಳು. "ಸುಕ್ಕಿಲ್ಲದ ಹಾಗೆ."

ಅವರು ಆ ತುದಿಗೆ ಹೋಗಿ ನಿಂತು ಹಿಡಿದರು.